ಬೆವರಿಗೂ ಒಂದು ಲೆಕ್ಕ

ಸುಶ್ರುತನ ಕಾಲದಲ್ಲಿ ಸಿಹಿಮೂತ್ರ ರೋಗ ಹತ್ತಿದವನೊಬ್ಬ ವೈದ್ಯನ ಬಾಗಿಲಿಗೆ ಹೋದನೆಂದು ಭಾವಿಸೋಣ. ಅವನು ಬಡವ, ನೆಂಟರಿಷ್ಟರಿಲ್ಲದವ. ಸುಶ್ರುತ ಸಂಹಿತೆ ಅಂಥವನಿಗೆ ಹೇಳುವ ಚಿಕಿತ್ಸೆ ಇದು: ಕಾಲಿಗೆ ಕೆರವಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಮನಸ್ಸನ್ನು ಬಿಗಿಹಿಡಿದು ನೂರು ಯೋಜನ ನಡೆಯಬೇಕು. ನಡೆಯಲೊಲ್ಲದವನಿಗೆ ಬಾವಿ ತೋಡುವ ಕೆಲಸವುಂಟು. ಯೋಜನವನ್ನು ಎಂಟು ಮೈಲಿಯೆಂದು ಹಿಡಿದರೂ ನೂರಕ್ಕೆ ಎಂಟುನೂರು ಮೈಲಿಯಾಯಿತು. ಬೆಂಗಳೂರಿನಿಂದ ಹೊರಟವನು ಮುಂಬಯಿಯನ್ನು ದಾಟಿ ಇನ್ನೂ ಮುಂದೆ ಹೋಗಬೇಕು. ಇಂದಿನ ವೈದ್ಯರಾರಾದರೂ ಹೀಗೆ ಚೀಟಿ ಬರೆದುಕೊಟ್ಟರೆ, ರೋಗಿ ನೂರು ಯೋಜನ ನಡೆಯುವ ಬದಲು ಬೇರೆ ವೈದ್ಯರ ಮನೆಯವರೆಗೆ ನಡೆದಾನು!

ನೂರು ಯೋಜನದ ಮಾತು ಪ್ರಸಿದ್ಧವಾಗಿದೆ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಚಿಕ್ಕ ಮಾತನ್ನು ಗಮನಿಸಿದವರು ಕಡಮೆ. ಕೃಶನಾದ ರೋಗಿಯನ್ನು ಮಾತ್ರ ಸದಾ ಕಾಪಾಡಬೇಕು ಎಂದು ಸುಶ್ರುತ ಅಲ್ಲಿಯೇ ಎಚ್ಚರಿಸಿದ್ದಾನೆ. ಚರಕನೂ ಈ ರೋಗಿಗಳಲ್ಲಿ ಸ್ಥೂಲನೂ ಬಲವಂತನೂ ಆದವನು ಒಬ್ಬ, ಕೃಶನೂ ದುರ್ಬಲನೂ ಆದವನು ಇನ್ನೊಬ್ಬ ಎಂದು ಎರಡು ಬಗೆ ಮಾಡಿ, ಮೊದಲನೆಯವನಿಗೆ ಶೋಧನವನ್ನೂ ಎರಡನೆಯವನಿಗೆ ಪುಷ್ಟಿಯನ್ನೂ ವಿಧಿಸಿದ್ದಾನೆ. ಒಂದೇ ಹೆಸರಿನ ಕೆಳಗೆ ಎರಡು ರೋಗಗಳು ಅಡಗಿವೆಯೆಂಬ ಸಂದೇಹ ನಮ್ಮ ಹಿಂದಿನವರಿಗೆ ಬಂದಿದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಈ ಬಡಕಲು ರೋಗಿಯ ಕಥೆಯೇ ಈ ಲೇಖನದ ವಸ್ತು. ಸಾವಿರಾರು ವರ್ಷ ಅವನು ಸಾಯುವುದನ್ನು ನೋಡುವುದಲ್ಲದೆ ವೈದ್ಯರಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ ಅವನು ಬದುಕಿದ. ಆದರೆ ಓಡಬೇಡ, ಆಡಬೇಡ ಎಂಬ ಕಟ್ಟಿಗೆ ಒಳಗಾಗಿ ಬದುಕಿದ. ಇಂದು ಅವನೇ ಸಮುದ್ರದಲ್ಲಿ ೩.೮ ಕಿಲೋಮೀಟರು ಈಜಿ, ದಡಕ್ಕೆ ಬಂದು ೧೮೦ ಕಿಲೋಮೀಟರು ಸೈಕಲ್ ತುಳಿದು, ಇಳಿದು ೪೨.೨ ಕಿಲೋಮೀಟರು ಓಡುತ್ತಾನೆ. ಇದನ್ನು ‘ಟ್ರಯಥ್ಲಾನ್’ ಎನ್ನುತ್ತಾರೆ. ಕಾಪಾಡಬೇಕಾದವನು ನೂರು ಯೋಜನದ ದಾರಿಗೆ ತಾನಾಗಿಯೇ ಇಳಿದುದು ಹೇಗೆ?

ಹೆಸರು ಒಂದು, ರೋಗ ಎರಡು

ನಮ್ಮ ಪಟ್ಟಣಗಳಲ್ಲಿ ಸಕ್ಕರೆ ಕಾಯಿಲೆಯನ್ನರಿಯದ ಮನೆಯಿಲ್ಲ. ಆದರೆ ಸಾಮಾನ್ಯವಾಗಿ ನಾವು ಕಾಣುವುದು ನಡುವಯಸ್ಸು ದಾಟಿದವರಿಗೆ ಬರುವ ಎರಡನೆಯ ಬಗೆಯನ್ನು. ಅಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ. ಅದರ ಮಾತು ನಡೆಯುವುದಿಲ್ಲ. ಒಂದನೆಯ ಬಗೆ ಬೇರೆ. ಅದು ಹೆಚ್ಚಾಗಿ ಮಕ್ಕಳಿಗೂ ತರುಣರಿಗೂ ಬರುತ್ತದೆ. ರೋಗಾಣುಗಳನ್ನು ಕೊಲ್ಲಬೇಕಾದ ದೇಹದ ಕಾವಲು ಪಡೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುತ್ತದೆ. ಮಗು ಸಿಹಿ ತಿಂದುದರಿಂದ ಬಂದಿತು, ತಾಯಿ ಏನನ್ನೋ ಉಣ್ಣಿಸಿದ್ದರಿಂದ ಬಂದಿತು ಎಂಬ ಮಾತುಗಳೆಲ್ಲ ಹುಸಿ.

ಇನ್ಸುಲಿನ್ ಇಲ್ಲದ ದೇಹದ ಸ್ಥಿತಿ ವಿಚಿತ್ರವಾದದ್ದು. ಉಗ್ರಾಣದ ಬಾಗಿಲಲ್ಲಿ ಅಕ್ಕಿಯ ಮೂಟೆಗಳು ಬಂದು ಬೀಳುತ್ತಿವೆ. ಬೀಗದ ಕೈ ಮಾತ್ರ ಇಲ್ಲ. ಒಳಗಿನವರು ಹಸಿದಿದ್ದಾರೆ, ಹೊರಗೆ ಅಕ್ಕಿ ಮಳೆಯಲ್ಲಿ ಕೊಚ್ಚಿಹೋಗುತ್ತಿದೆ. ರಕ್ತದ ತುಂಬ ಸಕ್ಕರೆ ಇದ್ದರೂ ಸ್ನಾಯುಗಳಿಗೆ ಅದು ದೊರೆಯುವುದಿಲ್ಲ. ದೇಹ ತನ್ನ ಕೊಬ್ಬನ್ನೂ ಮಾಂಸವನ್ನೂ ತಾನೇ ತಿನ್ನತೊಡಗುತ್ತದೆ. ಕೊಬ್ಬು ಕರಗಿದ ಆಮ್ಲಗಳಿಂದ ರಕ್ತ ವಿಷವಾಗಿ, ರೋಗಿ ಎಚ್ಚರ ತಪ್ಪಿ ತೀರಿಹೋಗುತ್ತಾನೆ. ೧೯೨೨ಕ್ಕೆ ಮುಂಚೆ ಇದಕ್ಕೆ ಬೇರೆ ಅಂತ್ಯವಿರಲಿಲ್ಲ.

ಹಸಿವೇ ಮದ್ದಾಗಿದ್ದ ಕಾಲ

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಬುಷಾರ್ದಾ ಅವರು ರೋಗಿಗಳಿಗೆ ಮಿತಾಹಾರದೊಡನೆ ದುಡಿಮೆಯನ್ನೂ ವಿಧಿಸುತ್ತಿದ್ದರು. ಬೆವರು ಸುರಿಸಿ ರೊಟ್ಟಿ ತಿನ್ನಬೇಕೆಂಬ ಧರ್ಮಗ್ರಂಥದ ಮಾತು ಅವರಿಗೆ ಔಷಧದ ಚೀಟಿಯಾಗಿತ್ತು. ೧೮೭೦-೭೧ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ ನಗರವನ್ನು ಮುತ್ತಿ ಜನ ಅನ್ನಕ್ಕೆ ಕಷ್ಟಪಟ್ಟಾಗ, ತಮ್ಮ ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಾಣದಾದುದನ್ನು ಅವರು ಗುರುತಿಸಿದರು.

ಈ ಉಪವಾಸದ ತತ್ತ್ವವನ್ನು ಕೊನೆಯ ಮೆಟ್ಟಿಲಿಗೆ ಒಯ್ದವರು ಅಮೆರಿಕದ ಫ್ರೆಡರಿಕ್ ಅಲೆನ್. ಸುಮಾರು ೧೯೧೪ರಿಂದ ಅವರು ಮಕ್ಕಳಿಗೂ ದೊಡ್ಡವರಿಗೂ ಬದುಕಿರಲು ಸಾಲುವಷ್ಟೇ ಆಹಾರ ಕೊಡುವ ಪದ್ಧತಿಯನ್ನು ಜಾರಿಗೆ ತಂದರು. ವ್ಯಾಯಾಮದಿಂದ ರಕ್ತದ ಸಕ್ಕರೆ ಇಳಿಯುವುದನ್ನು ೧೯೧೫ರಲ್ಲಿ ಪ್ರಕಟಿಸಿದವರೂ ಅವರೇ. ಆದರೆ ಹೊಟ್ಟೆಗಿಲ್ಲದವನಿಗೆ ವ್ಯಾಯಾಮವೆಲ್ಲಿಂದ ಬಂದೀತು? ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ ಹನ್ನೊಂದನೆಯ ವಯಸ್ಸಿನಲ್ಲಿ ಈ ರೋಗ ಕಾಣಿಸಿತು. ಮೂರು ವರ್ಷ ಅವಳು ಅಲೆನ್‌ರ ಪಥ್ಯದಲ್ಲಿದ್ದಳು. ೧೯೨೨ರ ಆಗಸ್ಟ್ ತಿಂಗಳಲ್ಲಿ, ಹದಿನೈದು ತುಂಬುವ ಹೊತ್ತಿಗೆ, ಅವಳ ತೂಕ ೪೫ ಪೌಂಡು. ಎಂದರೆ ಇಪ್ಪತ್ತು ಕಿಲೋ. ಅಲೆನ್ ಕ್ರೂರಿಯಲ್ಲ. ಹಸಿವಿನಿಂದ ದಿನಗಳನ್ನು ಕೊಂಡು ಕೂಡಿಡುವುದಲ್ಲದೆ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಹೀಗೆ ಕೊಂಡ ದಿನಗಳೇ ಆ ಹುಡುಗಿಯನ್ನು ಇನ್ಸುಲಿನ್ನಿನ ತನಕ ತಲುಪಿಸಿದವೆಂಬುದನ್ನು ಮರೆಯಬಾರದು.

ಕೆನಡಾದ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ೧೯೨೧ರ ಬೇಸಗೆಯಲ್ಲಿ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯರೂ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳ ಕಥೆ ಎಲ್ಲರಿಗೂ ತಿಳಿದದ್ದೇ. ೧೯೨೨ರ ಜನವರಿ ೧೧ರಂದು ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಸತ್ತ್ವ ಶುದ್ಧವಾಗಿರಲಿಲ್ಲ; ಪ್ರಯೋಜನವಾಗಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಹಗಲಿರುಳು ದುಡಿದು ಅದನ್ನು ಶುದ್ಧಗೊಳಿಸಿದರು. ಜನವರಿ ೨೩ರಂದು ಎರಡನೆಯ ಸಲ ಕೊಟ್ಟಾಗ ಬಾಲಕನ ರಕ್ತದ ಸಕ್ಕರೆ ಇಳಿಯಿತು. ಅವನು ಇನ್ನೂ ಹದಿಮೂರು ವರ್ಷ ಬಾಳಿದ. ಎಲಿಜಬೆತ್ ಹ್ಯೂಸ್ ೧೯೮೧ರ ವರೆಗೆ ಬದುಕಿದ್ದು, ಸುಮಾರು ೪೨,೦೦೦ ಸಲ ಸೂಜಿ ಚುಚ್ಚಿಕೊಂಡಳೆಂದು ಲೆಕ್ಕ. ಆದರೆ ತನ್ನ ರೋಗದ ವಿಷಯವನ್ನು ಮಾತ್ರ ಹೊರಗಿನವರಿಂದ ಜೀವಮಾನವೆಲ್ಲ ಮುಚ್ಚಿಟ್ಟಳು. ಮದ್ದು ದೊರೆತರೂ ಮುಜುಗರಕ್ಕೆ ಮದ್ದು ದೊರೆಯಲಿಲ್ಲ.

ತಂತಿ ಬಂದಿತು

ಇನ್ಸುಲಿನ್ ಬಂದ ಮೇಲೆ ಒಂದು ಹೊಸ ಪ್ರಶ್ನೆ ಎದ್ದಿತು. ಚುಚ್ಚಿಕೊಂಡ ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತದೆ. ಮೈಬಗ್ಗಿಸಿ ದುಡಿದರೂ ಸಕ್ಕರೆ ಇಳಿಯುತ್ತದೆ. ಎರಡೂ ಕೂಡಿದರೆ ಏನಾದೀತು?

ಇದಕ್ಕೆ ಉತ್ತರ ಹುಡುಕಿದವರು ಸ್ವತಃ ರೋಗಿಯಾಗಿದ್ದ ವೈದ್ಯರು: ಸ್ಕಾಟ್ಲೆಂಡಿನ ಅಬರ್ಡೀನಿನ ರಾಬರ್ಟ್ ಡ್ಯಾನಿಯಲ್ ಲಾರೆನ್ಸ್. ೧೯೨೦ರಲ್ಲಿ ಲಂಡನ್ನಿನಲ್ಲಿ ಮೂಳೆಯನ್ನು ಉಳಿಯಿಂದ ಕೊರೆಯುತ್ತಿದ್ದಾಗ ಚೂರೊಂದು ಸಿಡಿದು ಕಣ್ಣಿಗೆ ಬಿದ್ದಿತು, ಕಣ್ಣು ಕೀತುಕೊಂಡಿತು, ಅದರ ಚಿಕಿತ್ಸೆಯ ವೇಳೆಯಲ್ಲಿ ಸಿಹಿಮೂತ್ರ ರೋಗವಿರುವುದು ಗೊತ್ತಾಯಿತು. ಇಪ್ಪತ್ತೆಂಟರ ತರುಣನಿಗೆ ಅದು ಮರಣದ ಓಲೆ. ತನ್ನ ಸಾವನ್ನು ಮನೆಯವರು ನೋಡುವುದು ಬೇಡವೆಂದು ಅವರು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ ನೆಲೆಸಿದರು. ೧೯೨೩ರಲ್ಲಿ ಲಂಡನ್ನಿನ ಸಹೋದ್ಯೋಗಿಯಿಂದ ತಂತಿ ಬಂದಿತು: ಇನ್ಸುಲಿನ್ ದೊರೆತಿದೆ, ಕೆಲಸ ಮಾಡುತ್ತಿದೆ, ಬೇಗ ಹೊರಟು ಬಾ ಎಂದು. ನಿಲ್ಲಲು ತ್ರಾಣವಿಲ್ಲದ ಮನುಷ್ಯ ಕಾರನ್ನೇರಿ ಯೂರೋಪನ್ನು ದಾಟಿ ಬಂದರು. ಮೇ ೩೧ರಂದು ಅವರಿಗೆ ಮೊದಲ ಇಂಜೆಕ್ಷನ್ ಆಯಿತು.

ಮೂರು ವರ್ಷಗಳ ನಂತರ, ೧೯೨೬ರಲ್ಲಿ, ಲಾರೆನ್ಸರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವ್ಯಾಯಾಮ ಮಾಡಿದಾಗ ಅದೇ ಪ್ರಮಾಣದ ಇನ್ಸುಲಿನ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ ಎಂಬುದೇ ಅದರ ಸಾರಾಂಶ. ಮಾತು ಚಿಕ್ಕದು, ಪರಿಣಾಮ ದೊಡ್ಡದು. ದುಡಿಯುವ ದಿನ ಮದ್ದು ಕಡಮೆ ಬೇಕು, ಇಲ್ಲವೇ ಊಟ ಹೆಚ್ಚು ಬೇಕು; ಎರಡನ್ನೂ ಮರೆತವನು ದಾರಿಯಲ್ಲಿ ಬಿದ್ದಾನು.

ಇದೇ ಸುಮಾರಿಗೆ ಇನ್ನೊಂದು ಕಡೆಯಿಂದ ಇದೇ ಸತ್ಯ ಹೊರಬಿದ್ದಿತು. ಅಮೆರಿಕದ ಬಾಸ್ಟನ್ ನಗರದಲ್ಲಿ ವರ್ಷಕ್ಕೊಮ್ಮೆ ಮ್ಯಾರಥಾನ್ ಓಟ ನಡೆಯುತ್ತದೆ. ಅಲ್ಲಿಯ ವೈದ್ಯರು ಗುರಿ ಮುಟ್ಟಿದ ಓಟಗಾರರ ರಕ್ತವನ್ನು ಪರೀಕ್ಷಿಸಿ ೧೯೨೪ರಲ್ಲಿ ಫಲಿತಾಂಶ ಪ್ರಕಟಿಸಿದರು. ತೀರ ಬಳಲಿ ಬಿಳಿಚಿಕೊಂಡು, ಮಂಕು ಹಿಡಿದವರಂತೆ ಬಂದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದುಹೋಗಿತ್ತು. ಅವರ ಸ್ಥಿತಿ ಇನ್ಸುಲಿನ್ ಹೆಚ್ಚಾದ ರೋಗಿಯ ಸ್ಥಿತಿಯನ್ನೇ ಹೋಲುತ್ತಿತ್ತು. ಮುಂದಿನ ವರ್ಷ ಓಟಗಾರರಿಗೆ ದಾರಿಯಲ್ಲಿ ಮಿಠಾಯಿ ತಿನ್ನಿಸಿದರು. ಅವರು ಹೆಚ್ಚು ಚೈತನ್ಯದಿಂದ ಗುರಿ ಸೇರಿದರು. ಇಂದು ಲಕ್ಷಾಂತರ ಓಟಗಾರರು ಜೇಬಿನಲ್ಲಿಟ್ಟುಕೊಳ್ಳುವ ಸಿಹಿ ಪೊಟ್ಟಣದ ಮೂಲ ಇಲ್ಲಿದೆ. ಆರೋಗ್ಯವಂತನ ಓಟವೂ ರೋಗಿಯ ಲೆಕ್ಕವೂ ಒಂದೇ ಪುಸ್ತಕದ ಎರಡು ಪುಟಗಳೆಂಬುದು ಆಗ ಗೊತ್ತಾಯಿತು.

ಬಾಸ್ಟನ್ನಿನವರೇ ಆದ ಎಲಿಯಟ್ ಜಾಸ್ಲಿನ್ ಮಧುಮೇಹಿಯ ಬಾಳನ್ನು ಮೂರು ಕುದುರೆಗಳ ರಥಕ್ಕೆ ಹೋಲಿಸಿದರು: ಪಥ್ಯ, ಇನ್ಸುಲಿನ್, ವ್ಯಾಯಾಮ. ಮೂರನ್ನೂ ಒಂದೇ ಲಗಾಮಿನಲ್ಲಿ ಹಿಡಿಯಬೇಕು; ಸಾರಥಿ ವೈದ್ಯನಲ್ಲ, ರೋಗಿ. ಹೋಲಿಕೆ ಸೊಗಸಾಗಿದೆ. ಆದರೆ ಸಾರಥಿಯ ಕಣ್ಣಿಗೆ ಅಂದು ಬಟ್ಟೆ ಕಟ್ಟಿತ್ತು.

ನಿನ್ನೆಯ ಪತ್ರಿಕೆ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಬೆನೆಡಿಕ್ಟ್ ದ್ರಾವಣ ನೆನಪಿರಬಹುದು. ನೀಲಿಯ ದ್ರವಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಹಸುರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಬಣ್ಣಗಳು ತೋರುತ್ತವೆ. ಸುಮಾರು ಅರ್ಧ ಶತಮಾನ ಮನೆಯಲ್ಲಿ ರೋಗಿಗೆ ತನ್ನ ಸ್ಥಿತಿಯನ್ನು ಅರಿಯಲು ಇದ್ದ ದಾರಿ ಇಂಥ ಮೂತ್ರಪರೀಕ್ಷೆಯೊಂದೇ.

ಇದರಲ್ಲಿ ಎರಡು ಕೊರತೆಗಳಿದ್ದವು. ರಕ್ತದ ಸಕ್ಕರೆ ನೂರು ಮಿಲಿಲೀಟರಿಗೆ ಸುಮಾರು ೧೮೦ ಮಿಲಿಗ್ರಾಮನ್ನು ಮೀರಿದಾಗಲೇ ಅದು ಮೂತ್ರದಲ್ಲಿ ಕಾಣುವುದು. ಇಳಿದರೆ ಎಷ್ಟು ಇಳಿದಿದೆಯೆಂಬುದು ಅದರಿಂದ ತಿಳಿಯುವ ಹಾಗಿಲ್ಲ. ಎರಡನೆಯದಾಗಿ, ಮೂತ್ರ ಹೇಳುವುದು ಕೆಲವು ಗಂಟೆಗಳ ಹಿಂದಿನ ಸುದ್ದಿ. ನಿನ್ನೆಯ ಪತ್ರಿಕೆ ಓದಿ ಇಂದಿನ ಪೇಟೆಯ ಧಾರಣೆ ಹೇಳಿದಂತೆ. ಇಂಥ ಸ್ಥಿತಿಯಲ್ಲಿ ಮೈದಾನಕ್ಕಿಳಿದ ಹುಡುಗ ಯಾವ ಗಳಿಗೆಯಲ್ಲಿ ಬಿದ್ದಾನೆಂದು ಯಾರು ಹೇಳಬಲ್ಲರು? ಆದ್ದರಿಂದ ಅನೇಕ ವೈದ್ಯರು ಸುಲಭದ ದಾರಿ ಹಿಡಿದರು: ಆಟ ಬೇಡ. ಆ ಮಾತಿನಲ್ಲಿ ಕರುಣೆಯೂ ಇತ್ತು, ಕುರುಡೂ ಇತ್ತು.

ಕಟ್ಟನ್ನು ಮುರಿದವರು ಆಗಲೂ ಇದ್ದರು. ಅಮೆರಿಕದ ಸಿನ್ಸಿನಾಟಿಯ ಬಿಲ್ ಟಾಲ್ಬರ್ಟ್ ಹತ್ತನೆಯ ವಯಸ್ಸಿನಲ್ಲಿ ರೋಗಕ್ಕೆ ತುತ್ತಾದ ಬಾಲಕ. ಕೆಲವು ವರ್ಷ ಅವನನ್ನು ಆಟದಿಂದ ದೂರವಿಟ್ಟರು. ಮಗ ಕಿಟಕಿಯಾಚೆ ನೋಡುತ್ತ ಕೂರುವುದನ್ನು ಸಹಿಸದ ತಂದೆ ವೈದ್ಯರನ್ನು ಕೇಳಿಕೊಂಡರು. ಟೆನಿಸ್ ಆಡಲು ಒಪ್ಪಿಗೆ ಸಿಕ್ಕಿತು. ಆ ಹುಡುಗ ಮುಂದೆ ಗಾರ್ಡ್ನರ್ ಮುಲಾಯ್ ಅವರ ಜೊತೆಗಾರನಾಗಿ ೧೯೪೨, ೧೯೪೫, ೧೯೪೬, ೧೯೪೮ರಲ್ಲಿ ಅಮೆರಿಕದ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿ ಗೆದ್ದ. ೧೯೪೪, ೧೯೪೫ರಲ್ಲಿ ಸಿಂಗಲ್ಸ್ ಅಂತಿಮ ಪಂದ್ಯವನ್ನೂ ಮುಟ್ಟಿದ. ಡೇವಿಸ್ ಕಪ್ ತಂಡದ ನಾಯಕನೂ ಆದ. ಎಂಬತ್ತು ವರ್ಷ ಬಾಳಿ ೧೯೯೯ರಲ್ಲಿ ತೀರಿಕೊಂಡ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರಥ ಹೊಡೆದವನೆಂದರೆ ಇವನೇ.

ಬಟ್ಟೆ ಬಿಚ್ಚಿದ್ದು ೧೯೭೦ರ ಆಸುಪಾಸಿನಲ್ಲಿ. ಬೆರಳಿನಿಂದ ತೆಗೆದ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಳೆಯುವ ಯಂತ್ರ ಬಂದಿತು. ಆದರೆ ಅದು ಆಸ್ಪತ್ರೆ ಮತ್ತು ವೈದ್ಯರಿಗಾಗಿ ಮಾಡಿದ್ದು. ರೋಗಿಯ ಕೈಗೆ ಕೊಡುವಂಥದಲ್ಲ. ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಇಂಜಿನಿಯರ್ ಬಾಲ್ಯದಿಂದ ಈ ರೋಗದವರು. ಹೆಂಡತಿ ವೈದ್ಯೆಯಾಗಿದ್ದುದರಿಂದ ಆಕೆಯ ಹೆಸರಿನಲ್ಲಿ ಯಂತ್ರವನ್ನು ತರಿಸಿಕೊಂಡು, ದಿನಕ್ಕೆ ಹಲವು ಸಲ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳತೊಡಗಿದರು. ಇಂಜಿನಿಯರನ ಮಾತು ಕೇಳುವ ವೈದ್ಯರಿಲ್ಲವೆಂದು ಕಂಡು, ನಡುವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ತಾವೇ ವೈದ್ಯರಾದರು! ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮನೆಯಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳುವ ರೂಢಿ ಬೇರೂರಿತು. ಅಂದಿನ ಪತ್ರಿಕೆ ಅಂದೇ ಕೈಗೆ ಬಂದಿತು.

ದ್ವೀಪದಲ್ಲೊಂದು ಪಂದ್ಯ

ಆ ಎಪ್ಪತ್ತರ ದಶಕದಲ್ಲಿಯೇ ನಮ್ಮ ಕಥೆಯ ಇನ್ನೊಂದು ಎಳೆ ಹುಟ್ಟಿತು. ೧೯೭೪ರ ಸೆಪ್ಟೆಂಬರ್ ೨೫ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ತೀರದಲ್ಲಿ ಓಟ, ಸೈಕಲ್, ಈಜುಗಳನ್ನು ಕೂಡಿಸಿದ ಪಂದ್ಯವೊಂದು ‘ಟ್ರಯಥ್ಲಾನ್’ ಎಂಬ ಹೆಸರಿನಿಂದ ನಡೆಯಿತು. ನಾಲ್ಕು ವರ್ಷಗಳ ಮೇಲೆ ಹವಾಯಿಯ ಓವಾಹು ದ್ವೀಪದಲ್ಲಿ ಇದೇ ಆಟ ದೈತ್ಯರೂಪ ತಳೆಯಿತು. ಈಜುಗಾರನ ದೇಹ ಗಟ್ಟಿಯೋ, ಓಟಗಾರನದೋ, ಸೈಕಲ್ ಸವಾರನದೋ ಎಂಬ ಹರಟೆ ನಡೆದಿದ್ದಾಗ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಒಂದು ಸೂಚನೆ ಮಾಡಿದರು: ದ್ವೀಪದಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಈಜಿನ ಪಂದ್ಯ, ಸೈಕಲ್ ಪಂದ್ಯ, ಮ್ಯಾರಥಾನ್ ಮೂರನ್ನೂ ಒಂದೇ ದಿನ ಒಟ್ಟಿಗೆ ನಡೆಸುವುದು, ಮೊದಲು ಮುಗಿಸಿದವನನ್ನು ‘ಐರನ್‌ಮನ್’, ಎಂದರೆ ಕಬ್ಬಿಣದ ಮನುಷ್ಯ, ಎಂದು ಕರೆಯುವುದು. ೧೯೭೮ರ ಫೆಬ್ರುವರಿ ೧೮ರಂದು ಹದಿನೈದು ಜನ ಹೊರಟರು. ಹನ್ನೆರಡು ಜನ ಮುಗಿಸಿದರು. ಗಾರ್ಡನ್ ಹಾಲರ್ ೧೧ ಗಂಟೆ ೪೬ ನಿಮಿಷ ೫೮ ಸೆಕೆಂಡಿನಲ್ಲಿ ಮೊದಲಿಗರಾದರು. ಎರಡನೆಯವರಾದ ಜಾನ್ ಡನ್‌ಬಾರ್ ಅವರ ಸಹಾಯಕರ ಬಳಿ ನೀರು ಮುಗಿದು, ದಾರಿಯಲ್ಲಿ ಅವರಿಗೆ ಬಿಯರ್ ಕುಡಿಸಿದರಂತೆ. ಆಗಿನ ಆಹಾರಶಾಸ್ತ್ರ ಅಷ್ಟರ ಮಟ್ಟಿನದು! ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ಸಿಗೆ ಈ ಆಟ ಕಡಮೆ ದೂರದ ರೂಪದಲ್ಲಿ ಪ್ರವೇಶ ಪಡೆಯಿತು. ನಮ್ಮ ನೆರೆಯ ಗೋವೆಯಲ್ಲಿ, ಪಣಜಿಯ ಮೀರಾಮಾರ್ ತೀರದಲ್ಲಿ, ೨೦೧೯ರ ಅಕ್ಟೋಬರಿನಲ್ಲಿ ಐರನ್‌ಮನ್‌ನ ಅರ್ಧ ದೂರದ ಸ್ಪರ್ಧೆ ಮೊದಲ ಸಲ ನಡೆಯಿತು: ೧.೯ ಕಿಲೋಮೀಟರು ಈಜು, ೯೦ ಸೈಕಲ್, ೨೧.೧ ಓಟ.

ಮೂರು ಆಟ, ಮೂರು ಲೆಕ್ಕ

ಇಂಥ ಸ್ಪರ್ಧೆಗೆ ಒಂದನೆಯ ಬಗೆಯ ಮಧುಮೇಹಿ ಸಿದ್ಧನಾಗುವುದೆಂದರೆ ಏನು? ಆರೋಗ್ಯವಂತನ ದೇಹದಲ್ಲಿ ನಡೆಯುವುದನ್ನು ಮೊದಲು ನೋಡಬೇಕು. ಅವನು ಓಡಲು ತೊಡಗಿದ ಕೂಡಲೆ ಮೇದೋಜೀರಕ ಗ್ರಂಥಿ ಇನ್ಸುಲಿನ್ನಿನ ಹರಿವನ್ನು ಇಳಿಸುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬೇಕಾದಷ್ಟೇ ರಕ್ತಕ್ಕೆ ಬಿಡುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತನ್ನ ಬಾಗಿಲನ್ನು ತಾನೇ ತೆರೆದುಕೊಳ್ಳುತ್ತದೆ. ಹಳೆಯ ಕಾಲದ ನಂಬಿಗಸ್ತ ಗುಮಾಸ್ತನಂತೆ ದೇಹ ಈ ಜಮಾಖರ್ಚನ್ನು ಯಜಮಾನನಿಗೆ ತಿಳಿಯದ ಹಾಗೆ ಬರೆದಿಡುತ್ತದೆ. ರೋಗಿಯ ದೇಹದಲ್ಲಿ ಆ ಗುಮಾಸ್ತ ಸತ್ತುಹೋಗಿದ್ದಾನೆ. ಪ್ರತಿಯೊಂದು ಬಾಬನ್ನೂ ಯಜಮಾನ ತಾನೇ, ಅದೂ ಓಡುತ್ತ ಓಡುತ್ತ, ಬರೆಯಬೇಕು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಚರ್ಮದ ಕೆಳಗೆ ಒಮ್ಮೆ ಸೇರಿದ ಇನ್ಸುಲಿನ್ನನ್ನು ಹಿಂದಕ್ಕೆ ಕರೆಯುವಂತಿಲ್ಲ. ತೊಡೆಗೆ ಚುಚ್ಚಿಕೊಂಡು ಕಾಲಿಗೆ ಕೆಲಸ ಕೊಟ್ಟರೆ ಅದು ಇನ್ನೂ ಬೇಗ ರಕ್ತಕ್ಕಿಳಿಯುತ್ತದೆಂದು ೧೯೭೮ರ ಸಂಶೋಧನೆಯೊಂದು ತೋರಿಸಿತು.

ಹೀಗಾಗಿ ಮೂರು ಆಟಗಳೂ ಮೂರು ಬಗೆಯ ಲೆಕ್ಕ ಕೇಳುತ್ತವೆ. ಎಲ್ಲಕ್ಕೂ ಭಯ ಈಜಿನದು. ಸಕ್ಕರೆ ಇಳಿಯುವಾಗ ಕೈ ನಡುಗುತ್ತದೆ, ಬೆವರು ಬರುತ್ತದೆ, ಬುದ್ಧಿ ಮಂಕಾಗುತ್ತದೆ. ನೀರಿನಲ್ಲಿರುವವನಿಗೆ ಬೆವರೂ ನಡುಕವೂ ಗೊತ್ತಾಗುವುದು ಕಷ್ಟ, ಮಂಕಾದರಂತೂ ಪ್ರಾಣಕ್ಕೇ ಸಂಚಕಾರ. ಅಲ್ಲಿ ಬೆರಳು ಚುಚ್ಚಿ ನೋಡುವಂತಿಲ್ಲ. ಆದ್ದರಿಂದ ನೀರಿಗಿಳಿಯುವ ಮುನ್ನವೇ ಸಕ್ಕರೆಯನ್ನು ಸ್ವಲ್ಪ ಮೇಲಿಟ್ಟುಕೊಂಡು, ಜೊತೆಯವರಿಗೆ ವಿಷಯ ತಿಳಿಸಿ, ಈಜುಡುಪಿನ ತೋಳಿನಲ್ಲಿ ಸಿಹಿಯ ಪೊಟ್ಟಣ ಸಿಕ್ಕಿಸಿಕೊಂಡು ಇಳಿಯುತ್ತಾರೆ. ಸೈಕಲ್ ದಯಾಳು, ಕುಳಿತಲ್ಲೇ ತಿನ್ನಬಹುದು, ಕುಡಿಯಬಹುದು. ದೀರ್ಘ ದುಡಿಮೆಯಲ್ಲಿ ಗಂಟೆಗೆ ೩೦ರಿಂದ ೬೦ ಗ್ರಾಮಿನಷ್ಟು ಪಿಷ್ಟ ಅಥವಾ ಸಕ್ಕರೆ ಬೇಕಾಗುತ್ತದೆ. ಅದನ್ನು ತಿನ್ನುವ ಕಾಲ ಇದೇ. ಕೊನೆಯದು ಓಟ. ಅಷ್ಟು ಹೊತ್ತಿಗೆ ಕೂಡಿಟ್ಟದ್ದು ಬರಿದಾಗಿದೆ, ಹೊಟ್ಟೆ ಆಹಾರ ಒಲ್ಲೆನ್ನುತ್ತದೆ, ಬಿಸಿಲು ಏರಿದೆ. ಇಲ್ಲಿನ ತಪ್ಪನ್ನು ತಿದ್ದಲು ಸಮಯವಿಲ್ಲ.

ಇಷ್ಟೇ ಆಗಿದ್ದರೆ ‘ದುಡಿದರೆ ಇಳಿಯುತ್ತದೆ’ ಎಂಬ ಒಂದು ಸೂತ್ರ ಸಾಕಾಗುತ್ತಿತ್ತು. ಆದರೆ ಸ್ಪರ್ಧೆಯ ಬೆಳಗ್ಗೆ ಉದ್ವೇಗದಿಂದಲೇ ಸಕ್ಕರೆ ಏರುತ್ತದೆ. ನೂರು ಗಜ ಬಿರುಸಾಗಿ ಓಡಿದರೂ ಏರುತ್ತದೆ, ಏಕೆಂದರೆ ಅಡ್ರಿನಲಿನ್ ರಸ ಯಕೃತ್ತಿನ ಉಗ್ರಾಣವನ್ನು ತಟ್ಟಿ ಎಬ್ಬಿಸುತ್ತದೆ. ಗಾಬರಿಯಾಗಿ ಇನ್ಸುಲಿನ್ ಹೆಚ್ಚಿಸಿಕೊಂಡವನು ಒಂದು ಗಂಟೆಯ ಮೇಲೆ ನೀರಿನ ನಡುವೆ ಪಶ್ಚಾತ್ತಾಪಪಡಬೇಕಾದೀತು. ಇನ್ಸುಲಿನ್ ತೀರ ಕಡಮೆಯಾಗಿ ರಕ್ತದಲ್ಲಿ ಕೀಟೋನುಗಳು ಸೇರಿದ್ದರೆ ವ್ಯಾಯಾಮ ಔಷಧವಲ್ಲ, ವಿಷ. ದುಡಿಮೆ ಮುಗಿದ ಮೇಲೂ ಖರ್ಚು ನಿಲ್ಲುವುದಿಲ್ಲ: ಬರಿದಾದ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆಯನ್ನು ಹೀರುತ್ತ, ನಡುರಾತ್ರಿ ನಿದ್ದೆಯಲ್ಲಿ ರೋಗಿಯನ್ನು ಕೆಡವುವುದುಂಟು. ಅದಕ್ಕೇ ಇವರ ತಾಲೀಮು ಎಂದರೆ ಕೈಕಾಲಿನದಷ್ಟೇ ಅಲ್ಲ, ನೋಟ್ ಪುಸ್ತಕದ್ದು. ಏನು ತಿಂದೆ, ಎಷ್ಟು ಚುಚ್ಚಿಕೊಂಡೆ, ಎಷ್ಟು ದೂರ ಹೋದೆ, ಎಷ್ಟಕ್ಕೆ ಇಳಿಯಿತು: ತಿಂಗಳುಗಟ್ಟಲೆ ಬರೆದ ಮೇಲೆ ಒಬ್ಬೊಬ್ಬನಿಗೂ ಅವನದೇ ಮಗ್ಗಿ ದೊರೆಯುತ್ತದೆ, ಇನ್ನೊಬ್ಬನ ಮಗ್ಗಿ ಅವನಿಗೆ ಒಗ್ಗದು.

ವಿದ್ವಾಂಸರು ಕೂಡಿ ಸಾಮಾನ್ಯ ಸೂತ್ರಗಳನ್ನು ಬರೆದುಕೊಟ್ಟದ್ದು ತೀರ ಈಚೆಗೆ. ೨೦೧೭ರಲ್ಲಿ ಅನೇಕ ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಹೇಳಿಕೆಯಂತೆ, ಹೆಚ್ಚಿನವರು ದೀರ್ಘ ವ್ಯಾಯಾಮ ತೊಡಗುವಾಗ ಸಕ್ಕರೆ ೧೨೬ರಿಂದ ೧೮೦ರ ನಡುವೆ ಇರುವುದು ಒಳ್ಳೆಯದು. ಅದಕ್ಕೆ ಮುಂಚಿನ ಊಟದ ಇನ್ಸುಲಿನ್ನನ್ನು ಕಾಲುಭಾಗದಿಂದ ಮುಕ್ಕಾಲು ಭಾಗದವರೆಗೆ ತಗ್ಗಿಸಬೇಕಾಗಬಹುದು. ಕಾಲಿಗೂ ಮುಕ್ಕಾಲಿಗೂ ಎಷ್ಟು ಅಂತರ! ಆ ಅಂತರವನ್ನು ತುಂಬುವುದು ರೋಗಿಯ ನೋಟ್ ಪುಸ್ತಕವೇ. ೧೯೯೯ರಿಂದೀಚೆಗೆ ಚರ್ಮದ ಕೆಳಗೆ ಇಡುವ ತಂತಿಯೆಳೆಯಂಥ ಸಾಧನಗಳು ಬಂದು, ಈಗ ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆಯನ್ನು ತಿಳಿಸುತ್ತವೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಬಾಣದ ಗುರುತಿನಿಂದ ತೋರಿಸುತ್ತವೆ. ಸೊಂಟದ ಪಂಪು ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ಆದರೂ ಚರ್ಮದ ಕೆಳಗಿನ ಸುದ್ದಿ ರಕ್ತದ ಸುದ್ದಿಗಿಂತ ಕೆಲವು ನಿಮಿಷ ಹಿಂದೆ. ಯಂತ್ರವನ್ನು ನಂಬಿ ಮೈಮರೆಯುವಂತಿಲ್ಲ.

ಬೇಡವೆಂದವರು, ಬಿಡದವರು

ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಕಿರಿಯರಿಗೆ ೧೯೯೯ರಲ್ಲಿ ಈ ರೋಗ ಪತ್ತೆಯಾದಾಗ, ಈಜಿನ ಜೀವನ ಮುಗಿಯಿತೆಂದೇ ವೈದ್ಯರು ತಿಳಿಸಿದರು. ಬೇರೆ ವೈದ್ಯರ ಬೆಂಬಲದಿಂದ ಅವರು ನೀರಿಗೆ ಮರಳಿದರು; ದಿನದ ಅಭ್ಯಾಸದ ನಡುನಡುವೆ ದಡಕ್ಕೆ ಬಂದು ರಕ್ತ ನೋಡಿಕೊಂಡರು. ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ೫೦ ಮೀಟರ್ ಈಜಿನ ಚಿನ್ನವನ್ನು ತಮ್ಮ ದೇಶದವರೇ ಆದ ಆಂಟನಿ ಅರ್ವಿನ್ ಜೊತೆ ಸಮನಾಗಿ ಹಂಚಿಕೊಂಡರು. ೨೦೦೪ರಲ್ಲಿ ಅಥೆನ್ಸಿನಲ್ಲಿ ಒಬ್ಬರೇ ಗೆದ್ದರು. ಕ್ರಿಕೆಟ್ ಪ್ರಿಯರಿಗೆ ವಾಸಿಂ ಅಕ್ರಂ ಹೆಸರು ಹೇಳಿದರೆ ಸಾಕು. ೧೯೯೭ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಮಧುಮೇಹ ಪತ್ತೆಯಾದ ಮೇಲೂ ಅವರು ೨೦೦೩ರ ವರೆಗೆ ಆಡಿದರು. ಏಕದಿನ ಪಂದ್ಯಗಳಲ್ಲಿ ೫೦೦ ವಿಕೆಟ್ ದಾಟಿದ್ದು ಆ ಕೊನೆಯ ವರ್ಷದಲ್ಲಿ. ೨೦೦೭ರಲ್ಲಿ ಎಲ್ಲರೂ ಮಧುಮೇಹಿಗಳೇ ಆದ ಸೈಕಲ್ ತಂಡವೊಂದು ಅಮೆರಿಕವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಅಡ್ಡಹಾಯುವ ಪಂದ್ಯವನ್ನು ಗೆದ್ದಿತು.

ಇಲ್ಲಿ ಒಂದು ವ್ಯಂಗ್ಯವೂ ಉಂಟು. ಆರೋಗ್ಯವಂತರು ಮೈಕಟ್ಟು ಬೆಳೆಸಲು ಇನ್ಸುಲಿನ್ ಕದ್ದು ಬಳಸುತ್ತಾರೆಂದು ೧೯೯೮ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ನಿಷಿದ್ಧ ದ್ರವ್ಯಗಳ ಪಟ್ಟಿಗೆ ಸೇರಿಸಿತು. ಅದಿಲ್ಲದೆ ಬದುಕಲಾರದವನು ಅಪ್ಪಣೆಯ ಪತ್ರ ಹಿಡಿದು ಸ್ಪರ್ಧೆಗೆ ಹೋಗಬೇಕು. ಒಬ್ಬನಿಗೆ ಕಳ್ಳದಾರಿಯಾದದ್ದು ಇನ್ನೊಬ್ಬನಿಗೆ ಉಸಿರು.

ಕಾಪಾಡುವುದೆಂದರೆ

ಟ್ರಯಥ್ಲಾನ್ ಎಲ್ಲರಿಗೂ ಬೇಕಾದದ್ದಲ್ಲ; ಮಧುಮೇಹಿಗಳೆಲ್ಲ ಸಮುದ್ರಕ್ಕೆ ಹಾರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಈ ಶತಮಾನದ ಕಥೆಯಿಂದ ಒಂದು ಮಾತು ತಿಳಿಯುತ್ತದೆ. ಆಟ ಬೇಡವೆಂದು ವೈದ್ಯರು ಹೇಳಿದುದಕ್ಕೆ ಕಾರಣ ರೋಗಿಯ ದೌರ್ಬಲ್ಯವಲ್ಲ, ಅವನ ಲೆಕ್ಕ ಯಾರ ಕೈಗೂ ಸಿಗದಿದ್ದುದು. ಲೆಕ್ಕ ಅವನ ಕೈಗೇ ಬಂದಂದು ಕಟ್ಟು ತಾನಾಗಿ ಸಡಿಲವಾಯಿತು.

ನಮ್ಮ ಶಾಲೆಗಳ ಮೈದಾನದ ಅಂಚಿನಲ್ಲಿ ಇಂದಿಗೂ ಒಂದೊಂದು ಮಗು ಗೆಳೆಯರ ಚೀಲಗಳನ್ನು ಕಾಯುತ್ತ ಕೂತಿರುತ್ತದೆ. ಮೇಷ್ಟರಿಗೆ ಭಯ, ಮನೆಯಲ್ಲಿ ಭಯ, ಹೆಣ್ಣು ಮಗುವಾದರೆ ನಾಳೆ ಮದುವೆಯ ಮಾತು ಬಂದಾಗ ಏನೆಂದಾರೋ ಎಂದು ರೋಗದ ಹೆಸರನ್ನೇ ಎತ್ತದ ಮೌನ. ಇನ್ಸುಲಿನ್ನೂ ಪರೀಕ್ಷೆಯ ಪಟ್ಟಿಯೂ ಕೊಳ್ಳಲು ಕೈಲಾಗದ ಮನೆಗಳಲ್ಲಿ ಕಥೆ ಇನ್ನೂ ೧೯೨೨ರಿಂದ ಬಹಳ ಮುಂದೆ ಬಂದಿಲ್ಲ. ಬ್ಯಾಂಟಿಂಗ್ ಮತ್ತು ಅವರ ಜೊತೆಗಾರರು ತಮ್ಮ ಹಕ್ಕನ್ನು ಟೊರಾಂಟೋ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟುದು ಇಂಥ ಮಕ್ಕಳನ್ನು ನೆನೆದೇ ಇರಬೇಕು.

ಕೃಶನನ್ನು ಸದಾ ಕಾಪಾಡಬೇಕೆಂದ ಸುಶ್ರುತನ ಮಾತು ಸುಳ್ಳಾಗಿಲ್ಲ. ಕಾಪಾಡುವುದೆಂದರೆ ಕೂರಿಸುವುದೆಂದು ನಾವು ಬಹುಕಾಲ ತಿಳಿದಿದ್ದೆವು, ಅಷ್ಟೆ. ಗೋವೆಯ ತೀರದಲ್ಲಿ ಸ್ಪರ್ಧೆ ಮುಗಿದ ಸಂಜೆ ಎಲ್ಲರೂ ಉಂಡು, ಮೈಮರೆತು ಮಲಗುತ್ತಾರೆ. ಅವರಲ್ಲಿ ಒಬ್ಬನಿಗೆ ಈ ರೋಗವಿದ್ದರೆ, ಅವನು ಮಾತ್ರ ದಿಂಬಿನ ಪಕ್ಕದಲ್ಲಿ ಒಂದು ಮುಷ್ಟಿ ಸಕ್ಕರೆ ಇಟ್ಟುಕೊಂಡು, ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಮಲಗುತ್ತಾನೆ. ಎದ್ದು ನೋಡುತ್ತಾನೆ, ಬರೆದುಕೊಳ್ಳುತ್ತಾನೆ, ಬೇಕಾದರೆ ತಿನ್ನುತ್ತಾನೆ, ಮತ್ತೆ ಮಲಗುತ್ತಾನೆ. ನೂರು ಯೋಜನದ ದಾರಿಯಲ್ಲಿ ಅವನನ್ನು ಕಾಪಾಡುತ್ತಿರುವುದು ಆ ಲೆಕ್ಕ.